ಸ್ಯಾಂಡ್ಸ್‌ನಲ್ಲಿ ಸಿನಾಟ್ರಾ: ಹಳೆಯ ಹಾಡುಗಳಿಗೆ ಬೇಸಿ ಬ್ಯಾಂಡ್ ಕೊಟ್ಟ ನಡೆ

‘ಸಿನಾಟ್ರಾ ಅಟ್ ದ ಸ್ಯಾಂಡ್ಸ್’ ಧ್ವನಿಮುದ್ರಿಕೆಯನ್ನು ಗಾಯಕನ ಹೆಸರು ನೋಡಿ ಕೊಳ್ಳುವವರೇ ಹೆಚ್ಚು. ಆದರೆ ಇಷ್ಟು ವರ್ಷಗಳ ನಂತರವೂ ಅದನ್ನು ಕೇಳುವಂತೆ ಉಳಿಸಿರುವುದು ಗಾಯಕನ ಬೆನ್ನ ಹಿಂದೆ ಕುಳಿತ ಬ್ಯಾಂಡು ಎಂಬುದು ನನ್ನ ಅಭಿಪ್ರಾಯ. 1966ರ ಜನವರಿ ಕೊನೆಯ ವಾರದಿಂದ ಫೆಬ್ರವರಿ ಮೊದಲ ದಿನದವರೆಗೆ, ಲಾಸ್ ವೇಗಾಸ್‌ನ ಸ್ಯಾಂಡ್ಸ್ ಹೋಟೆಲಿನ ಕೋಪಾ ರೂಮ್‌ನಲ್ಲಿ ಫ್ರಾಂಕ್ ಸಿನಾಟ್ರಾ ಅವರು ಕೌಂಟ್ ಬೇಸಿ ಅವರ ಆರ್ಕೆಸ್ಟ್ರಾದೊಂದಿಗೆ ನಡೆಸಿಕೊಟ್ಟ ಕಾರ್ಯಕ್ರಮಗಳಿಂದ ಆಯ್ದು ಜೋಡಿಸಿದ ಈ ಎರಡು ಎಲ್‌ಪಿಗಳ ಸಂಪುಟ ಅದೇ ವರ್ಷ ಸಿನಾಟ್ರಾ ಅವರೇ ಸ್ಥಾಪಿಸಿದ್ದ ರಿಪ್ರೈಸ್ ಕಂಪನಿಯಿಂದ ಹೊರಬಂತು. ಸಭೆಯ ಮುಂದೆ ಹಾಡಿದ್ದನ್ನು ಅವರು ಮಾರಾಟಕ್ಕೆ ಬಿಡುಗಡೆ ಮಾಡಿದ್ದು ಇದೇ ಮೊದಲು. ವಾದ್ಯಸಂಯೋಜನೆಯ ಹೊಣೆಯನ್ನೂ ನಿರ್ವಹಣೆಯನ್ನೂ ಹೊತ್ತವರು ಆಗಿನ್ನೂ 32ರ ಹರೆಯದಲ್ಲಿದ್ದ ಕ್ವಿನ್ಸಿ ಜೋನ್ಸ್. ಮುಂದೆ ಮೈಕೆಲ್ ಜಾಕ್ಸನ್ ಅವರ ಧ್ವನಿಮುದ್ರಿಕೆಗಳ ನಿರ್ಮಾಪಕರಾಗಿ ಜಗತ್ತಿಗೆಲ್ಲ ಪರಿಚಿತರಾದ ಈ ಸಂಗೀತಗಾರನ ನಿಜವಾದ ಕಸುಬು ಏನೆಂದು ತಿಳಿಯಬಯಸುವವರು ಇಲ್ಲಿಂದ ಆರಂಭಿಸುವುದು ಒಳ್ಳೆಯದು.

ಇಲ್ಲಿ ಹಾಡಿರುವ ಹಾಡುಗಳಲ್ಲಿ ಹೆಚ್ಚಿನವು ಅಂದಿನ ಕೇಳುಗರಿಗೆ ಹೊಸವಲ್ಲ. 1920ರ ದಶಕದಿಂದ 50ರ ದಶಕದವರೆಗೆ ಬ್ರಾಡ್‌ವೇ ಸಂಗೀತನಾಟಕಗಳಿಗೂ ಹಾಲಿವುಡ್ ಚಿತ್ರಗಳಿಗೂ ಜಾರ್ಜ್ ಗರ್ಶ್‌ವಿನ್, ಕೋಲ್ ಪೋರ್ಟರ್, ರಿಚರ್ಡ್ ರಾಜರ್ಸ್, ಹೆರಾಲ್ಡ್ ಆರ್ಲೆನ್ ಮೊದಲಾದವರು ರಚಿಸಿದ ಹಾಡುಗಳು, ಅವು ಹುಟ್ಟಿದ ನಾಟಕ ಮರೆತುಹೋದ ಮೇಲೂ ಜಾಝ್ ವಾದಕರ ಕೈಯಲ್ಲಿ ಉಳಿದುಕೊಂಡವು. ಅಮೆರಿಕದವರು ಇವನ್ನು ಸ್ಟ್ಯಾಂಡರ್ಡ್‌ಗಳೆಂದು ಕರೆಯುತ್ತಾರೆ. ಬಹುಪಾಲು 32 ಮಾತ್ರಾವರ್ತಗಳ, ಎಂದರೆ ತಾಳದ ಸುತ್ತುಗಳ, ಚೌಕಟ್ಟಿನಲ್ಲಿ ನಿಂತಿರುವ ಈ ರಚನೆಗಳಲ್ಲಿ ಮಾತು ಮತ್ತು ಧಾಟಿ ಮಾತ್ರ ಸ್ಥಿರ. ವೇಗ, ತಾಳ, ಶ್ರುತಿ, ವಾದ್ಯಗಳ ಹಂಚಿಕೆ ಎಲ್ಲವೂ ಹಾಡುವವರ ಮತ್ತು ಅವರಿಗಾಗಿ ವಾದ್ಯಸಂಯೋಜನೆ ಬರೆಯುವವರ ಸ್ವಾತಂತ್ರ್ಯಕ್ಕೆ ಸೇರಿದ್ದು. ಈ ಸಂಪುಟದಲ್ಲೇ ಇರುವ ‘ಐವ್ ಗಾಟ್ ಅ ಕ್ರಷ್ ಆನ್ ಯೂ’ ಹಾಡನ್ನು ಗರ್ಶ್‌ವಿನ್ ಸಹೋದರರು 1928ರಲ್ಲಿ ನಾಟಕವೊಂದಕ್ಕೆ ಬರೆದಾಗ ಅದು ಚುರುಕು ನಡೆಯ ಹಾಡಾಗಿತ್ತು. 1939ರಲ್ಲಿ ಗಾಯಕಿ ಲೀ ವೈಲಿ ಅದನ್ನು ನಿಧಾನಗೊಳಿಸಿ ಹಾಡಿದ ಮೇಲೆ ಮೂಲದ ವೇಗವೇ ಜನರ ನೆನಪಿನಿಂದ ಅಳಿಸಿಹೋಯಿತು. ಇಲ್ಲಿಯೂ ಅದು ವಿಳಂಬವಾಗಿಯೇ ಬರುತ್ತದೆ. ಹೀಗಿರುವಾಗ ಇಂಥ ಧ್ವನಿಮುದ್ರಿಕೆಯನ್ನು ವಿಮರ್ಶಿಸುವುದೆಂದರೆ ಹಾಡು ಚೆನ್ನಾಗಿದೆಯೇ ಎಂದು ನೋಡುವುದಲ್ಲ, ಆ ಹಾಡಿಗೆ ಈ ಸಲ ಏನಾಯಿತು ಎಂದು ನೋಡುವುದು.

ಏನಾಯಿತು ಎಂಬುದನ್ನು ಅರಿಯಲು ಬೇಸಿ ಬ್ಯಾಂಡಿನ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ನ್ಯೂಜೆರ್ಸಿಯಲ್ಲಿ ಹುಟ್ಟಿ ಕ್ಯಾನ್ಸಸ್ ಸಿಟಿಯ ನೈಟ್‌ಕ್ಲಬ್ಬುಗಳಲ್ಲಿ ಬೆಳೆದ ಪಿಯಾನೋ ವಾದಕ ಬೇಸಿ 1930ರ ದಶಕದ ನಡುವಿನಲ್ಲಿ ತಮ್ಮ ಬ್ಯಾಂಡನ್ನು ಕಟ್ಟಿದರು. 1952ರ ಹೊತ್ತಿಗೆ ಅದನ್ನು ಮತ್ತೆ ಹೊಸದಾಗಿ ಕೂಡಿಸಿದರು. ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸಫೋನ್ ಎಂಬ ಮೂರು ಪಂಗಡಗಳು ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನು ಪರಸ್ಪರ ಎಸೆದು ಹಿಡಿಯುತ್ತ ಕಾವೇರಿಸುವುದು ಈ ಬ್ಯಾಂಡಿನ ಕ್ರಮ. ಅವುಗಳ ಕೆಳಗೆ ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್ ಸೇರಿದ ಲಯಪಂಗಡ ಇರುತ್ತದೆ. ಅದರಲ್ಲಿ 1937ರಲ್ಲಿ ಬ್ಯಾಂಡಿಗೆ ಸೇರಿದ ಫ್ರೆಡ್ಡಿ ಗ್ರೀನ್ ಎಂಬ ಗಿಟಾರ್ ವಾದಕ ವಿದ್ಯುತ್ ವರ್ಧಕದ ಸಹಾಯವಿಲ್ಲದೆ, ಒಂಟಿ ವಾದನದ ಆಸೆಯೂ ಇಲ್ಲದೆ, ಪ್ರತಿ ಆವರ್ತದ ನಾಲ್ಕು ಮಾತ್ರೆಗಳನ್ನೂ ಸಮವಾಗಿ ಮೀಟುತ್ತ ಇಡೀ ಆಯುಷ್ಯ ಕಳೆದರು. ಸಾರಿನಲ್ಲಿರುವ ಇಂಗಿನ ಹಾಗೆ, ಆ ಗಿಟಾರ್ ಎಲ್ಲಿದೆಯೆಂದು ತೋರಿಸುವುದು ಕಷ್ಟ, ಇಲ್ಲವಾದರೆ ಮಾತ್ರ ಯಾರಿಗಾದರೂ ಗೊತ್ತಾಗುತ್ತದೆ. ಬೇಸಿ ಅವರ ಪಿಯಾನೋ ಇನ್ನೂ ಮಿತಭಾಷಿ. ಎಂಟು ಸ್ವರ ನುಡಿಸಬಹುದಾದ ಕಡೆ ಎರಡನ್ನು ನುಡಿಸಿ ಉಳಿದದ್ದನ್ನು ಬ್ಯಾಂಡಿಗೆ ಬಿಟ್ಟುಕೊಡುವ ಅವರ ಸಂಯಮದಿಂದಾಗಿ, ಇಷ್ಟೊಂದು ಹಿತ್ತಾಳೆಯ ವಾದ್ಯಗಳಿರುವ ಮೇಳದಲ್ಲೂ ಗಾಯಕನಿಗೆ ಉಸಿರಾಡಲು ಜಾಗ ಸಿಗುತ್ತದೆ.

ಕರ್ನಾಟಕ ಸಂಗೀತದ ಅಭ್ಯಾಸವಿರುವ ಕಿವಿಗೆ ಸ್ವಿಂಗ್ ಎಂಬ ನಡೆ ಮೊದಲಿಗೆ ನಾಲ್ಕರ ಎಣಿಕೆಯ ಚತುರಶ್ರದಂತೆ ಕಂಡು, ಸ್ವಲ್ಪ ಹೊತ್ತಿನಲ್ಲಿ ಒಳಗೆಲ್ಲೋ ಮೂರರ ಎಣಿಕೆಯ ತಿಶ್ರ ಅಡಗಿದೆ ಎನಿಸಲು ತೊಡಗುತ್ತದೆ. ಒಂದು ಮಾತ್ರೆಯನ್ನು ಎರಡು ಸಮ ಭಾಗ ಮಾಡದೆ ಮೊದಲ ಭಾಗವನ್ನು ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸುವುದರಿಂದ ಆಗುವ ಪರಿಣಾಮ ಅದು. ಹಿಗ್ಗು ಕುಗ್ಗುಗಳ ಪ್ರಮಾಣ ವೇಗಕ್ಕೆ ತಕ್ಕಂತೆ ಬದಲಾಗುವುದರಿಂದ ಅದನ್ನು ಲೆಕ್ಕದಲ್ಲಿ ಹಿಡಿಯಲು ಹೋದವರಿಗೆ ನಿರಾಸೆಯೇ ಗತಿ. ಜೊತೆಗೆ ಒತ್ತು ಬೀಳುವುದು ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ. ಸಮದ ಮೇಲೆ ಚಪ್ಪಾಳೆ ತಟ್ಟುವ ರೂಢಿಯವರು ಇದಕ್ಕೆ ಒಗ್ಗಲು ಒಂದೆರಡು ಹಾಡುಗಳ ಕಾಲಾವಕಾಶವನ್ನು ತಮಗೆ ತಾವೇ ಕೊಟ್ಟುಕೊಳ್ಳಬೇಕು.

ಕಾಲವನ್ನು ಬದಲಿಸಿದರೆ ಹಾಡು ಬದಲಾಗುತ್ತದೆ ಎಂಬುದಕ್ಕೆ ಈ ಸಂಪುಟದಲ್ಲಿರುವ ಅತಿ ಸ್ಪಷ್ಟ ಉದಾಹರಣೆ ‘ಫ್ಲೈ ಮೀ ಟು ದ ಮೂನ್’. ಬಾರ್ಟ್ ಹೋವರ್ಡ್ 1954ರಲ್ಲಿ ಇದನ್ನು ‘ಇನ್ ಅದರ್ ವರ್ಡ್ಸ್’ ಎಂಬ ಹೆಸರಿನಲ್ಲಿ, ಮೂರು ಮಾತ್ರೆಯ ವಾಲ್ಟ್ಸ್ ಆಗಿ ರಚಿಸಿದ್ದರು. ಸಣ್ಣ ಸಭೆಗಳಲ್ಲಿ ಪಿಯಾನೋ ಪಕ್ಕದಲ್ಲಿ ನಿಂತು, ಮೆಲುದನಿಯಲ್ಲಿ ಹಾಡುವಂಥ ಹಾಡು ಅದು. 1964ರಲ್ಲಿ ಸಿನಾಟ್ರಾ ಮತ್ತು ಬೇಸಿ ಸ್ಟುಡಿಯೋದಲ್ಲಿ ಇದನ್ನು ಮುದ್ರಿಸುವಾಗ ಕ್ವಿನ್ಸಿ ಜೋನ್ಸ್ ಅದನ್ನು ನಾಲ್ಕು ಮಾತ್ರೆಗೆ ತಿರುಗಿಸಿದರು. ಮೂರರಲ್ಲಿದ್ದ ಹಾಡನ್ನು ನಾಲ್ಕಕ್ಕೆ ತಂದಾಗ ಪ್ರತಿ ಸಾಲಿನಲ್ಲೂ ಒಂದಿಷ್ಟು ಬಿಡುವು ಉಳಿಯುತ್ತದೆ. ಆ ಬಿಡುವಿನಲ್ಲಿ ಬ್ಯಾಂಡು ಬಾಯಿ ಹಾಕುತ್ತದೆ, ಗಾಯಕ ಸಾಲನ್ನು ತಡಮಾಡಿ ಎತ್ತಿಕೊಳ್ಳುತ್ತಾನೆ, ಪ್ರಾರ್ಥನೆಯಂತಿದ್ದ ಮಾತು ಆತ್ಮವಿಶ್ವಾಸದ ಮಾತಾಗಿಬಿಡುತ್ತದೆ. ಇಂದು ಈ ಹಾಡನ್ನು ಗುನುಗುವ ಬಹುಮಂದಿ ಗುನುಗುವುದು ಹೋವರ್ಡ್ ಅವರ ಹಾಡನ್ನಲ್ಲ, ಜೋನ್ಸ್ ಅವರ ತಿದ್ದುಪಡಿಯನ್ನು. ಸ್ಯಾಂಡ್ಸ್‌ನ ಆವೃತ್ತಿ ಸ್ಟುಡಿಯೋದ ಆವೃತ್ತಿಗಿಂತ ಒರಟು. ಡ್ರಮ್ಮರ್ ಸೋನಿ ಪೇನ್ ಇಲ್ಲಿ ಹೆಚ್ಚು ಸಲಿಗೆ ತೆಗೆದುಕೊಳ್ಳುತ್ತಾರೆ, ಮತ್ತು ಆ ಸಲಿಗೆ ಹಾಡಿಗೆ ಒಪ್ಪುತ್ತದೆ.

ಆದರೆ ನನ್ನ ಮಟ್ಟಿಗೆ ಈ ಸಂಪುಟದ ಕೇಂದ್ರ ಇರುವುದು ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡಿನಲ್ಲಿ. 1936ರಲ್ಲಿ ಕೋಲ್ ಪೋರ್ಟರ್ ಚಲನಚಿತ್ರವೊಂದಕ್ಕಾಗಿ ಬರೆದ ಈ ಹಾಡು ವಾಡಿಕೆಯ 32 ಆವರ್ತಗಳ ಚೌಕಟ್ಟನ್ನು ಮೀರಿ 56ರವರೆಗೆ ಬೆಳೆಯುತ್ತದೆ. ಅದರ ಧಾಟಿ ತನ್ನನ್ನು ತಾನು ಪುನರಾವರ್ತಿಸದೆ ಏರುತ್ತಲೇ ಹೋಗುತ್ತದೆ. 1956ರ ಜನವರಿಯಲ್ಲಿ ನೆಲ್ಸನ್ ರಿಡಲ್ ಅವರು ಸಿನಾಟ್ರಾ ಅವರಿಗಾಗಿ ಬರೆದ ವಾದ್ಯಸಂಯೋಜನೆ ಈ ಏರುವಿಕೆಯನ್ನೇ ಹಿಡಿದುಕೊಂಡಿತು. ಮೊದಲ ಸುತ್ತು ನಡಿಗೆಯ ವೇಗದಲ್ಲಿ, ಹೆಚ್ಚೇನೂ ಆಗುತ್ತಿಲ್ಲವೆಂಬ ಭಾವದಲ್ಲಿ ಸಾಗುತ್ತದೆ. ಹಾಡು ನಿಂತ ಕೂಡಲೇ ಕೆಳಶ್ರುತಿಯ ಟ್ರೊಂಬೋನ್ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸತೊಡಗುತ್ತದೆ, ಅದರ ಮೇಲೆ ಒಂದೊಂದಾಗಿ ವಾದ್ಯಗಳು ಪೇರಿಸಿಕೊಳ್ಳುತ್ತವೆ, ತಂತಿವಾದ್ಯಗಳು ಒತ್ತಡವನ್ನು ಬಿಗಿಯುತ್ತವೆ, ಕೊನೆಗೆ ಮಿಲ್ಟ್ ಬರ್ನ್‌ಹಾರ್ಟ್ ಅವರ ಟ್ರೊಂಬೋನ್ ಕಟ್ಟೆಯೊಡೆದು ಹೊರನುಗ್ಗುತ್ತದೆ. ಫ್ರೆಂಚ್ ಸಂಯೋಜಕ ರವೆಲ್ ಅವರ ‘ಬೊಲೆರೋ’ ಈ ನಿಧಾನದ ಏರಿಕೆಗೆ ಪ್ರೇರಣೆಯಾಗಿತ್ತು. ಅಂದು ಸ್ಟುಡಿಯೋದಲ್ಲಿ ಅದನ್ನು ಮೊದಲ ಸಲ ನುಡಿಸಿ ಮುಗಿಸಿದಾಗ ವಾದಕರೇ ಚಪ್ಪಾಳೆ ತಟ್ಟಿದರೆಂದು ಹೇಳುತ್ತಾರೆ, ಮತ್ತು ಮುದ್ರಿಕೆಯನ್ನು ಕೇಳಿದವರಿಗೆ ಅದು ಅತಿಶಯೋಕ್ತಿ ಎನಿಸುವುದಿಲ್ಲ.

ಹತ್ತು ವರ್ಷಗಳ ನಂತರ ಸ್ಯಾಂಡ್ಸ್‌ನ ವೇದಿಕೆಯ ಮೇಲೆ ರಿಡಲ್ ಅವರ ಪಿಟೀಲುಗಳ ಪಂಗಡವಿರಲಿಲ್ಲ. ಅವರ ನಕ್ಷೆಯ ಅಸ್ಥಿಪಂಜರವನ್ನು ಹಾಗೆಯೇ ಇಟ್ಟುಕೊಂಡು, ಪಿಟೀಲುಗಳು ಮಾಡುತ್ತಿದ್ದ ಕೆಲಸವನ್ನು ಜೋನ್ಸ್ ಸ್ಯಾಕ್ಸಫೋನ್ ಮತ್ತು ಹಿತ್ತಾಳೆಯ ಪಂಗಡಗಳಿಗೆ ಒಪ್ಪಿಸಿದ್ದಾರೆ. ಕಳೆದುಕೊಂಡದ್ದು ಇದೆ: ಸ್ಟುಡಿಯೋ ಆವೃತ್ತಿಯಲ್ಲಿ ಬಿರುಗಾಳಿಗೆ ಮೊದಲು ಗಾಳಿ ತುಸು ತುಸುವೇ ಬಲಗೊಳ್ಳುವುದನ್ನು ಪಿಟೀಲುಗಳು ತೋರಿಸುತ್ತಿದ್ದವು, ಇಲ್ಲಿ ಆ ಮೆಟ್ಟಿಲುಗಳು ಕಡಿಮೆ. ದೊರೆತದ್ದು ಅದಕ್ಕಿಂತ ದೊಡ್ಡದು. ಬೇಸಿ ಬ್ಯಾಂಡಿನ ವಾದಕರು ವರ್ಷದುದ್ದಕ್ಕೂ ಒಂದೇ ವಾಹನದಲ್ಲಿ ಊರೂರು ಸುತ್ತಿ ಒಟ್ಟಿಗೆ ನುಡಿಸಿದವರು, ದಿನಗೂಲಿಗೆ ಬಂದು ಕಾಗದ ನೋಡಿ ನುಡಿಸುವ ಸ್ಟುಡಿಯೋ ವಾದಕರಲ್ಲ. ಹದಿಮೂರು ಹದಿನಾಲ್ಕು ಬಾಯಿಗಳು ಒಂದೇ ಸ್ವರವನ್ನು ಒಂದೇ ಕ್ಷಣದಲ್ಲಿ ಕಡಿದು ನಿಲ್ಲಿಸುವುದನ್ನು ಕೇಳಿದಾಗ, ಬರೆದ ನಕ್ಷೆಯೊಂದು ಜನರ ದೇಹಕ್ಕೆ ಇಳಿದರೆ ಏನಾಗುತ್ತದೆ ಎಂಬುದು ಅರ್ಥವಾಗುತ್ತದೆ. ಸ್ಫೋಟದ ಕ್ಷಣ ಹತ್ತಿರವಾಗುತ್ತಿದ್ದಂತೆ ಸಿನಾಟ್ರಾ ಸಭೆಗೆ ತಮಾಷೆಯ ಎಚ್ಚರಿಕೆಯೊಂದನ್ನು ಕೊಡುತ್ತಾರೆ; ಆ ಎಚ್ಚರಿಕೆ ಅನಗತ್ಯವಾಗಿರಲಿಲ್ಲ.

ಗಾಯಕನ ವಿಷಯಕ್ಕೆ ಬರೋಣ. ಸಿನಾಟ್ರಾ ಅವರಿಗೆ ಆಗಷ್ಟೇ ಐವತ್ತು ತುಂಬಿತ್ತು. 1940ರ ದಶಕದಲ್ಲಿ ಟಾಮಿ ಡಾರ್ಸಿ ಬ್ಯಾಂಡಿನೊಂದಿಗೆ ಹಾಡುತ್ತಿದ್ದ ಕಾಲದ ನುಣುಪು ದನಿ ಉಳಿದಿಲ್ಲ. ಮೇಲಿನ ಸ್ವರಗಳಲ್ಲಿ ಕೆಲವು ಅಲುಗುತ್ತವೆ, ಒಂದೆರಡು ಕಡೆ ಶ್ರುತಿ ತುಸು ಕೆಳಗೆ ನಿಲ್ಲುತ್ತದೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಏಕೆಂದರೆ ಈ ಕಾರ್ಯಕ್ರಮ ನಿಂತಿರುವುದು ಶಾರೀರದ ಮೇಲಲ್ಲ, ಸಾಲನ್ನು ಎಲ್ಲಿ ಎತ್ತಬೇಕು ಎಲ್ಲಿ ಬಿಡಬೇಕು ಎಂಬ ತಿಳಿವಳಿಕೆಯ ಮೇಲೆ. ತಾಳ ಬಿದ್ದ ಮೇಲೆ ಸಾಹಿತ್ಯವನ್ನು ಎತ್ತಿಕೊಳ್ಳುವ ಅನಾಗತ ನಮಗೆ ಹೊಸದೇನಲ್ಲ. ಆದರೆ ನಮ್ಮ ಕೃತಿಗಳಲ್ಲಿ ಆ ಎಡುಪು ಮೊದಲೇ ನಿಶ್ಚಿತವಾಗಿರುತ್ತದೆ, ಇಲ್ಲಿ ಅದು ಸಾಲಿನಿಂದ ಸಾಲಿಗೆ, ಗಾಯಕನ ಮರ್ಜಿಯಂತೆ ಬದಲಾಗುತ್ತದೆ. ‘ಯೂ ಮೇಕ್ ಮೀ ಫೀಲ್ ಸೋ ಯಂಗ್’ ಹಾಡಿನಲ್ಲಿ ಅವರು ಒಂದು ಸಾಲನ್ನು ಹಿಂದಕ್ಕೆ ಎಳೆದು ಮುಂದಿನದನ್ನು ಮಾತಿನ ವೇಗಕ್ಕೆ ಓಡಿಸಿ ಮತ್ತೆ ಸಮಕ್ಕೆ ಬಂದು ಕೂಡುತ್ತಾರೆ. ಕೆಳಗೆ ಬ್ಯಾಂಡು ಕೂದಲೆಳೆಯಷ್ಟೂ ಕದಲದೆ ಇರುವುದರಿಂದಲೇ ಈ ಆಟ ಸಾಧ್ಯ. ಗಾಯಕನನ್ನು ಹಿಂಬಾಲಿಸಿ ತಾನೂ ನಿಧಾನಿಸುವ ಮೇಳವಿದ್ದಿದ್ದರೆ ಇಡೀ ಹಾಡು ಕುಸಿಯುತ್ತಿತ್ತು.

ಈ ಬ್ಯಾಂಡಿಗೆ ಒಗ್ಗದ ಹಾಡುಗಳೂ ಇವೆ. ‘ಇಟ್ ವಾಸ್ ಅ ವೆರಿ ಗುಡ್ ಇಯರ್’ ಹಾಡನ್ನು ಸಿನಾಟ್ರಾ ಹಿಂದಿನ ವರ್ಷವಷ್ಟೇ ಗಾರ್ಡನ್ ಜೆಂಕಿನ್ಸ್ ಅವರ ವಾದ್ಯಸಂಯೋಜನೆಯಲ್ಲಿ ಮುದ್ರಿಸಿದ್ದರು, ಜೆಂಕಿನ್ಸ್ ಅವರಿಗೆ ಅದಕ್ಕಾಗಿ ಗ್ರ್ಯಾಮಿಯೂ ದೊರೆಯಿತು. ವಯಸ್ಸಿನ ಒಂದೊಂದು ಘಟ್ಟವನ್ನು ನೆನೆಯುವ ಆ ಹಾಡಿನ ಚರಣಗಳ ನಡುವೆ ಪಿಟೀಲುಗಳು ಶರತ್ಕಾಲದ ಬೆಳಕನ್ನು ಹರಡುತ್ತಿದ್ದವು. ಅದೇ ಭಾರವನ್ನು ಇಲ್ಲಿ ಬ್ಯಾಂಡಿನ ಗಾಳಿವಾದ್ಯಗಳು ಹೊರಬೇಕಾಗಿದೆ, ಮತ್ತು ಅವು ಪ್ರಾಮಾಣಿಕವಾಗಿ ಹೊತ್ತರೂ ಭಾರ ಕಾಣಿಸುತ್ತದೆ. ‘ದ ಸೆಪ್ಟೆಂಬರ್ ಆಫ್ ಮೈ ಇಯರ್ಸ್’ ಕುರಿತೂ ಇದೇ ಮಾತು. ಸಭೆಯವರಿಗೆ ಆಗ ಹೊಸತಾಗಿದ್ದ ಹಾಡುಗಳನ್ನು ಕೇಳಿಸಬೇಕೆಂಬ ವ್ಯಾಪಾರದ ಒತ್ತಾಯವನ್ನು ಒಪ್ಪಿಕೊಂಡರೂ, ಇವೆರಡನ್ನೂ ಸ್ಟುಡಿಯೋ ಮುದ್ರಿಕೆಯಲ್ಲಿಯೇ ಕೇಳಬೇಕೆಂದು ನಾನು ಹೇಳುತ್ತೇನೆ.

ಕುತೂಹಲದ ಸಂಗತಿಯೆಂದರೆ, ನಿಧಾನದ ಹಾಡುಗಳಲ್ಲಿ ಗೆದ್ದಿರುವುದು ಬ್ಯಾಂಡು ಹೆಚ್ಚುಕಡಿಮೆ ಕೈಕಟ್ಟಿ ಕುಳಿತವು. ಹೆರಾಲ್ಡ್ ಆರ್ಲೆನ್ ಮತ್ತು ಜಾನಿ ಮರ್ಸರ್ 1943ರಲ್ಲಿ ಫ್ರೆಡ್ ಆಸ್ಟೇರ್ ಅವರ ಚಿತ್ರಕ್ಕಾಗಿ ಬರೆದ ‘ಒನ್ ಫಾರ್ ಮೈ ಬೇಬಿ’ ಹಾಡಿಗೆ ಸಿನಾಟ್ರಾ ಅವರ ಬಹುಕಾಲದ ಸಂಗಡಿಗ ಬಿಲ್ ಮಿಲ್ಲರ್ ಪಿಯಾನೋ ನುಡಿಸುತ್ತಾರೆ. ರಾತ್ರಿ ಬಹಳ ಹೊತ್ತಾದ ಮೇಲೆ ಮದ್ಯದಂಗಡಿಯಲ್ಲಿ ಉಳಿದುಕೊಂಡ ಒಬ್ಬನೇ ಗಿರಾಕಿ, ಕೇಳಿಸಿಕೊಳ್ಳುವ ಕೆಲಸಗಾರ, ಪಕ್ಕದಲ್ಲಿ ಸವೆದ ಪಿಯಾನೋ: ಇಷ್ಟರಲ್ಲೇ ಹಾಡು ಮುಗಿಯುತ್ತದೆ. ಮಿಲ್ಲರ್ ಅವರ ಬೆರಳುಗಳು ಬೇಸಿಯವರಿಗಿಂತ ಬೇರೆ ಜಾತಿಯವು, ಬಿಡಿ ಸ್ವರಗಳಿಗಿಂತ ಸುರುಳಿ ಸುರುಳಿಯಾದ ಗುಚ್ಛಗಳನ್ನು ಇಷ್ಟಪಡುವಂಥವು. ಒಂದೇ ಸಂಜೆಯಲ್ಲಿ ಇಬ್ಬರು ಪಿಯಾನೋ ವಾದಕರನ್ನು ಇಷ್ಟು ಹತ್ತಿರದಿಂದ ಹೋಲಿಸಿ ಕೇಳುವ ಅವಕಾಶ ಅಪರೂಪ. ‘ಏಂಜಲ್ ಐಸ್’ ಕೂಡ ಇದೇ ಜಾಡಿನದು.

ಕೊನೆಯ ಭಾಗದ ‘ಗೆಟ್ ಮೀ ಟು ದ ಚರ್ಚ್ ಆನ್ ಟೈಮ್’ ಹಾಡು ‘ಮೈ ಫೇರ್ ಲೇಡಿ’ ನಾಟಕದ್ದು. ಅಲ್ಲಿ ಅದು ಲಂಡನ್ನಿನ ಪೋಲಿ ಮುದುಕನೊಬ್ಬ ಮದುವೆಯ ಹಿಂದಿನ ರಾತ್ರಿ ಗೆಳೆಯರೊಡನೆ ಹಾಡುವ ಕುಣಿತದ ಹಾಡು. ಬ್ರಿಟಿಷ್ ಮ್ಯೂಸಿಕ್ ಹಾಲ್‌ಗಳ, ಎಂದರೆ ಹಾಡು-ಹಾಸ್ಯದ ಮನರಂಜನಾ ಮಂದಿರಗಳ, ಆ ಜಿಗಿತವನ್ನು ಜೋನ್ಸ್ ಪೂರ್ತಿ ಕಿತ್ತುಹಾಕಿ ಅದರ ಜಾಗದಲ್ಲಿ ಕ್ಯಾನ್ಸಸ್ ಸಿಟಿಯ ಓಟವನ್ನು ಇಟ್ಟಿದ್ದಾರೆ; ಇಡೀ ಸಂಪುಟದಲ್ಲಿ ಮೂಲದಿಂದ ಅತಿ ದೂರ ಹೋದ ಮರುರಚನೆ ಇದೇ ಇರಬಹುದು. ರಾಜರ್ಸ್ ಮತ್ತು ಹಾರ್ಟ್ ಅವರ 1937ರ ‘ವೇರ್ ಆರ್ ವೆನ್’ ಹಾಡನ್ನು ಸಿನಾಟ್ರಾ 1958ರಲ್ಲಿ ತೀರ ನಿಧಾನವಾಗಿ, ಧ್ಯಾನದಂತೆ ಹಾಡಿದ್ದರು. ಇಲ್ಲಿ ಅದು ಸ್ವಿಂಗ್ ನಡೆಯಲ್ಲಿ ಹೊರಟು ದೊಡ್ಡ ದನಿಯ ಮುಕ್ತಾಯಕ್ಕೆ ಬರುತ್ತದೆ. ಹಿಂದೆ ಎಲ್ಲೋ ಭೇಟಿಯಾಗಿದ್ದೆವೇ ಎಂಬ ಅನುಮಾನವೇ ಹಾಡಿನ ಜೀವವಾಗಿರುವಾಗ ಅಷ್ಟೊಂದು ಖಚಿತವಾದ ಅಬ್ಬರದಿಂದ ಅದನ್ನು ಮುಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ, ಸಭೆಗೆ ಬಹಳ ಒಪ್ಪಿಗೆಯಾದದ್ದು ಚಪ್ಪಾಳೆಯಿಂದ ತಿಳಿಯುತ್ತದೆ.

ಬ್ಯಾಂಡಿಗೆ ಪೂರ್ತಿ ವೇದಿಕೆ ಸಿಗುವುದು ಅಪರೂಪ. ಅವರ ಗುರುತಿನ ರಾಗವೇ ಆಗಿರುವ ‘ಒನ್ ಓ ಕ್ಲಾಕ್ ಜಂಪ್’ ಒಂದು ನಿಮಿಷ ತುಂಬುವ ಮೊದಲೇ ಮುಗಿದುಹೋಗುತ್ತದೆ, ಅದು ಅನ್ಯಾಯ. ‘ಮೇಕಿನ್ ವೂಪಿ’ ವಾದ್ಯರೂಪದಲ್ಲಿ ತುಸು ದೀರ್ಘವಾಗಿ ಸಿಗುವುದರಿಂದ ಕೊಂಚ ಸಮಾಧಾನ. 1928ರ ಆ ತುಂಟ ಹಾಡನ್ನು ಬ್ಯಾಂಡು ಅವಸರವಿಲ್ಲದೆ, ಪಿಸುಮಾತಿನಿಂದ ಆರಂಭಿಸಿ ನಡೆಸುತ್ತದೆ. ಬೇಸಿ ಬ್ಯಾಂಡಿನ ದೊಡ್ಡಸ್ತಿಕೆ ಅದರ ಗಟ್ಟಿ ದನಿಯಲ್ಲಿರುವುದಕ್ಕಿಂತ ಅದರ ಮೆಲುದನಿಯಲ್ಲಿದೆ ಎಂಬುದನ್ನು ಅರಿಯಲು ಇದೊಂದೇ ಸಾಕು. ಈ ಕಾರ್ಯಕ್ರಮಗಳಿಗಾಗಿ ಬ್ಯಾಂಡಿನ ಹಳೆಯ ಸದಸ್ಯ ಹ್ಯಾರಿ ‘ಸ್ವೀಟ್ಸ್’ ಎಡಿಸನ್ ಅವರೂ ಟ್ರಂಪೆಟ್ ಹಿಡಿದು ಜೊತೆಗೂಡಿದ್ದರು. ರಿಡಲ್ ಅವರ 50ರ ದಶಕದ ಮುದ್ರಿಕೆಗಳಲ್ಲಿ ಸಿನಾಟ್ರಾ ಅವರ ಸಾಲುಗಳ ಸಂದಿಯಲ್ಲಿ ಮುಚ್ಚಳ ಹಾಕಿದ ಟ್ರಂಪೆಟ್‌ನಿಂದ ಒಂದೆರಡು ಸ್ವರಗಳ ಕೀಟಲೆ ಮಾಡುತ್ತಿದ್ದವರು ಇವರೇ.

ನಡುವೆ ‘ದ ಟೀ ಬ್ರೇಕ್’ ಎಂಬ ಹೆಸರಿನಲ್ಲಿ ಸುಮಾರು ಹನ್ನೆರಡು ನಿಮಿಷಗಳ ಮಾತುಗಾರಿಕೆ ಇದೆ. ಸಿನಾಟ್ರಾ ಚಹಾ ಕುಡಿಯುತ್ತ ಗೆಳೆಯ ಡೀನ್ ಮಾರ್ಟಿನ್ ಅವರ ಕುಡಿತದ ಮೇಲೆ, ತಮ್ಮ ಬಾಲ್ಯದ ಮೇಲೆ ಚಟಾಕಿ ಹಾರಿಸುತ್ತಾರೆ. ಅಂದಿನ ಲಾಸ್ ವೇಗಾಸ್‌ನ ಹಾಸ್ಯ ಯಾವ ಮಟ್ಟದ್ದೆಂದು ತಿಳಿಯಲು ಒಮ್ಮೆ ಕೇಳಬಹುದು. ಕೆಲವು ಮಾತುಗಳು ಇಂದಿನ ಕಿವಿಗೆ ಕಸಿವಿಸಿ ಉಂಟುಮಾಡುತ್ತವೆ, ಉಳಿದವು ಬರೀ ಹಳಸಿವೆ. ಆ ಹೊತ್ತನ್ನು ಬ್ಯಾಂಡಿಗೆ ಕೊಟ್ಟಿದ್ದರೆ ಇನ್ನೂ ಮೂರು ವಾದ್ಯರಚನೆಗಳು ಉಳಿದುಕೊಳ್ಳುತ್ತಿದ್ದವು.

ಈ ಮುದ್ರಿಕೆಯಲ್ಲಿ ಕೇಳಿಸದ, ಆದರೆ ಅದಕ್ಕೆ ಸೇರಿದ ಒಂದು ಸಂಗತಿಯನ್ನು ಹೇಳಬೇಕು. ಲಾಸ್ ವೇಗಾಸ್‌ನ ಮುಖ್ಯ ಬೀದಿಯ ಹೋಟೆಲುಗಳಲ್ಲಿ 1960ರವರೆಗೂ ಕಪ್ಪು ಕಲಾವಿದರು ಹಾಡಬಹುದಾಗಿತ್ತು, ಉಳಿದುಕೊಳ್ಳುವಂತಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರ ಒತ್ತಡದಿಂದ ಆದ ಒಪ್ಪಂದ ಈ ತಾರತಮ್ಯವನ್ನು ಕೊನೆಗೊಳಿಸಿತು. ಆರು ವರ್ಷಗಳೊಳಗೆ ಅದೇ ಬೀದಿಯ ಅತ್ಯಂತ ಬೇಡಿಕೆಯ ಸಭಾಂಗಣದಲ್ಲಿ ಕಪ್ಪು ನಾಯಕನ ಬ್ಯಾಂಡೊಂದು ಕಪ್ಪು ನಿರ್ವಾಹಕನ ಕೈಕೆಳಗೆ ಕುಳಿತು, ತಮ್ಮ ಹೆಸರು ಗಾಯಕನ ಹೆಸರಿನ ಜೊತೆಗೇ ಮುದ್ರಣವಾಗುವಂತೆ ನುಡಿಸಿತು. ಬ್ಯಾಂಡು ಬರೀ ಹಿನ್ನೆಲೆಯಾಗಿ ಕೇಳಿಸದಿರುವುದಕ್ಕೆ ಈ ಗೌರವವೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ.

ಧ್ವನಿಯ ಗುಣಮಟ್ಟ ಅಂದಿನ ನೇರ ಮುದ್ರಣಕ್ಕೆ ಹೋಲಿಸಿದರೆ ಬಹಳ ಚೆನ್ನಾಗಿದೆ. ಕೆಲವು ನೂರು ಜನ ಮಾತ್ರ ಹಿಡಿಸುವ, ಮೇಲ್ಛಾವಣಿ ತಗ್ಗಾಗಿದ್ದ ಕೋಣೆಯಾದ್ದರಿಂದ ಗಾಜಿನ ಲೋಟಗಳ ಸದ್ದೂ ನಗುವೂ ಹತ್ತಿರದಲ್ಲೇ ಕೇಳುತ್ತವೆ, ಬ್ಯಾಂಡಿನ ಹೊಡೆತ ಎದೆಗೇ ತಾಗುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಬಾಸ್ ಮತ್ತು ಗಿಟಾರ್ ಒಂದಾಗಿ ನಡೆಯುವುದನ್ನು ಹಿಂಬಾಲಿಸಬಹುದು, ಅಗ್ಗದ ಸ್ಪೀಕರುಗಳಲ್ಲಿ ಅದೇ ಮೊದಲು ಮಾಯವಾಗುವ ಭಾಗ. ಮೂಲ ಎಲ್‌ಪಿಯ ಹೊದಿಕೆಯ ಮೇಲೆ ಸ್ಟ್ಯಾನ್ ಕಾರ್ನಿನ್ ಬರೆದ ಟಿಪ್ಪಣಿಗೆ ಗ್ರ್ಯಾಮಿ ಪ್ರಶಸ್ತಿ ಬಂದಿತ್ತು, ಓದುವ ಆಸಕ್ತಿಯುಳ್ಳವರು ಅದನ್ನು ಒಳಗೊಂಡ ಪ್ರತಿಯನ್ನೇ ಹುಡುಕಲಿ. ಒಂದೂಕಾಲು ಗಂಟೆಯ ಇಡೀ ಕಾರ್ಯಕ್ರಮ ಈಗ ಒಂದೇ ಸಿಡಿಯಲ್ಲಿ ದೊರೆಯುತ್ತದೆ, ಸ್ಟ್ರೀಮಿಂಗ್ ಸೇವೆಗಳಲ್ಲೂ ಇದೆ. 2006ರಲ್ಲಿ ಬಂದ ‘ಸಿನಾಟ್ರಾ: ವೇಗಾಸ್’ ಎಂಬ ಐದು ತಟ್ಟೆಗಳ ಪೆಟ್ಟಿಗೆಯಲ್ಲಿ ಇದೇ 1966ರ ಕಾರ್ಯಕ್ರಮಗಳಿಂದ ಆಯ್ದ ಬೇರೆ ಮುದ್ರಣಗಳು ಒಂದು ತಟ್ಟೆಯಷ್ಟಿವೆ, ಆದರೆ ಈ ಮೂಲ ಸಂಪುಟ ಮನಸ್ಸಿಗೆ ಹಿಡಿಸಿದವರಷ್ಟೇ ಅದಕ್ಕೆ ಹಣ ಹಾಕುವುದು ಲೇಸು.

ಹೊಸಬರು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಕೇಳಬೇಕಾಗಿಲ್ಲ. ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡಿನ 1956ರ ಸ್ಟುಡಿಯೋ ಆವೃತ್ತಿಯನ್ನು ಮೊದಲು ಕೇಳಿ, ಕೂಡಲೇ ಸ್ಯಾಂಡ್ಸ್‌ನದನ್ನು ಕೇಳಿದರೆ ಮೇಲೆ ಹೇಳಿದ್ದರಲ್ಲಿ ಎಷ್ಟು ನಿಜವೆಂದು ತಾವೇ ತೀರ್ಮಾನಿಸಬಹುದು. ಸಿನಾಟ್ರಾ ಅವರ ಠೀವಿ ಸಹಿಸದವರಿಗೆ ಇದೇ ಬೇಸಿ ಬ್ಯಾಂಡು, ಇದೇ ಕ್ವಿನ್ಸಿ ಜೋನ್ಸ್ ಸೇರಿ 1963ರಲ್ಲಿ ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಅವರೊಂದಿಗೆ ಮಾಡಿದ ‘ಎಲ್ಲಾ ಅಂಡ್ ಬೇಸಿ’ ಇದೆ. ಅದರಲ್ಲಿ ಮಾತುಗಾರಿಕೆ ಇಲ್ಲ, ಅಬ್ಬರ ಕಡಿಮೆ, ಹಾಡುವ ದನಿ ಬ್ಯಾಂಡಿನ ಇನ್ನೊಂದು ವಾದ್ಯದಂತೆ ಬೆರೆಯುತ್ತದೆ. ಒಂದನ್ನೇ ಕೊಳ್ಳುವುದಾದರೆ ಎಂದು ಯಾರಾದರೂ ಒತ್ತಾಯಿಸಿದರೆ ಗಾಯನಕ್ಕೆ ಅದು, ಬ್ಯಾಂಡಿಗೆ ಇದು ಎನ್ನುತ್ತೇನೆ.